ಬೀಪ್ ಶಾಸ್ತ್ರ

ತಮಿಳುನಾಡು ಸರ್ಕಾರ ಮನೆಮನೆಗೆ ಪುಕ್ಕಟೆ ಕೊಟ್ಟ ಪದಾರ್ಥಗಳಲ್ಲಿ ನನ್ನ ಅಕ್ಕನ ಮಗ ಬಿಚ್ಚದೆ ಬಿಟ್ಟದ್ದು ರೇಷನ್ ಅಕ್ಕಿ ಒಂದನ್ನೇ. 2006ರಲ್ಲಿ ಶುರುವಾದ ಯೋಜನೆಯ ಕಲರ್ ಟಿವಿಯ ಬೆನ್ನು ಕಳಚಿದಾಗ ಅವನಿಗಿನ್ನೂ ಹಾಲುಹಲ್ಲು. 2011ರ ಯೋಜನೆಯಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನು ಬಂದವು. ಮೂರೂ ಚೆನ್ನಾಗಿಯೇ ಓಡುತ್ತಿದ್ದವು; ಅದೇ ಅವುಗಳ ಅಪರಾಧ. ಹೇಗೆ ಓಡುತ್ತವೆ ಎಂದು ನೋಡಬೇಕಲ್ಲ! ಕೊನೆಗೆ ಉಳಿದದ್ದು ಅವನ ದೊಡ್ಡಕ್ಕನಿಗೆ ಪ್ಲಸ್ ಟೂನಲ್ಲಿ ಸಿಕ್ಕ ಲ್ಯಾಪ್‌ಟಾಪು. ಅದರ ಮುಚ್ಚಳದ ಮೇಲೆ ಜಯಲಲಿತಾ ಅಮ್ಮನ ಚಿತ್ರವಿತ್ತು. ಅಮ್ಮನ ಮುಖಕ್ಕೆ ಸ್ಕ್ರೂಡ್ರೈವರ್ ಹಿಡಿಯುವ ಧೈರ್ಯ ಈ ಸೀಮೆಯಲ್ಲಿ ಯಾರಿಗಿದೆ? ಇವನು ಅದನ್ನು ಬೋರಲು ಹಾಕಿ ಕೆಳಗಿನಿಂದ ಬಿಚ್ಚಿದ.

ಇಂಥವನು 2024ರ ಮೇ ತಿಂಗಳಲ್ಲಿ ಪ್ಲಸ್ ಟೂ ಪಾಸಾಗಿ ಕೂತ. ಮುಂದೆ ಏನು ಓದಿಸುವುದು ಎಂಬ ಪ್ರಶ್ನೆ ಸೀದಾ ನನ್ನ ಬಾಗಿಲಿಗೆ ಬಂತು. ನಾನು ಕನ್ನಡ ಮೇಷ್ಟ್ರು. ಆದರೆ ದಿನಾ ಬೆಳಿಗ್ಗೆ ಎಮಿಸ್ ಆ್ಯಪ್‌ನಲ್ಲಿ ಮಕ್ಕಳ ಹಾಜರಿ ಒತ್ತುವುದನ್ನು ಗಡಿಯ ತಾಳವಾಡಿ ಸೀಮೆಯ ನಮ್ಮ ಪಣಕಹಳ್ಳಿಯವರು ಕಣ್ಣಾರೆ ಕಂಡಿದ್ದಾರೆ. ಸಿಗ್ನಲ್ಲಿಗಾಗಿ ಫೋನ್ ಎತ್ತಿ ಹಿಡಿದು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತುವುದನ್ನೂ ಕಂಡಿದ್ದಾರೆ. ಹೀಗಾಗಿ ಕಂಪ್ಯೂಟರ್ ವಿಷಯದಲ್ಲಿ ಊರಿಗೆ ನಾನೇ ಕೊನೆಯ ಮಾತು. ನನಗೆ ಗೊತ್ತಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಗೌರವ ತಾನಾಗಿ ಮನೆಗೆ ಬಂದಾಗ ಅಗಳಿ ಹಾಕಿಕೊಳ್ಳುವ ಜಾಯಮಾನ ನನ್ನದಲ್ಲ.

ಒಂದು ಭಾನುವಾರ ಸಭೆ ಸೇರಿತು. ಅಕ್ಕ, ಬಾವ, ಬಾವನ ಅಣ್ಣ, ಬೋರ್‌ವೆಲ್ ಮೋಟಾರಿಗೆ ಕಾಯಿಲ್ ಕಟ್ಟುವ ಪಕ್ಕದ ಮನೆಯವರು, ಎಲ್ಲರಿಗಿಂತ ಮುಂದೆ ನನ್ನವ್ವ.

"ಕಂಪ್ಯೂಟ್ರು ಅಂದ್ರ ಪ್ರಾಣ ಅಂತಾನ. ಕಂಪ್ಯೂಟರ್ ಸೈನ್ಸಿಗ ಸೇರ್ಸುದು. ಇದ್ಕ ಯಾಕ ಪಂಚಾಯ್ತಿ?" ಎಂದ ಬಾವ.

"ಅದ್ರಲ್ಲಿ ಕಂಪ್ಯೂಟರ್ ಬಿಚ್ಚಲ್ಲ ಕನಪ್ಪ" ಎಂದ ಹುಡುಗ, ಆ ಕೋರ್ಸಿನಲ್ಲಿ ಏನೋ ಅನಾಚಾರ ನಡೆಯುತ್ತದೆ ಎಂಬ ದನಿಯಲ್ಲಿ.

ಅವನು ಹೇಳಿದ್ದರಲ್ಲಿ ಸತ್ಯವಿತ್ತು. ಕಂಪ್ಯೂಟರ್ ಸೈನ್ಸಿನಲ್ಲಿ ಯಂತ್ರದ ಒಳಗನ್ನು ಹೇಳುವುದು ಒಂದೆರಡು ಪತ್ರಿಕೆಗಳು. ಮಿಕ್ಕದ್ದೆಲ್ಲ ಯಂತ್ರಕ್ಕೆ ಬುದ್ಧಿ ಹೇಳುವ ಕೆಲಸ. ಬೋರ್ಡು, ಚಿಪ್ಪು, ಸರ್ಕ್ಯೂಟು ಬೇಕೆಂದರೆ ಎಲೆಕ್ಟ್ರಾನಿಕ್ಸ್, ಅಂದರೆ ಇಸಿಇ. ಮೋಟಾರು, ಟ್ರಾನ್ಸ್‌ಫಾರ್ಮರು ಬೇಕೆಂದರೆ ಇಇಇ. ಕಾಯಿಲ್ ಕಟ್ಟುವವರು ಐಟಿಐ ಎಂದರು. ಅಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್‌ಗೇ ಒಂದು ಟ್ರೇಡ್ ಇದೆ, ಬೇಗ ದುಡಿಮೆಗೆ ಬೀಳಬಹುದು. ಬಾವನ ಅಣ್ಣ ಪಾಲಿಟೆಕ್ನಿಕ್ ಎಂದ. ಮೂರು ವರ್ಷದ ಡಿಪ್ಲೊಮಾ ಮುಗಿಸಿದರೆ ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ಯಾರ ಮಾತನ್ನೂ ತೆಗೆದುಹಾಕುವಂತಿರಲಿಲ್ಲ, ಅದೇ ನನ್ನ ಸಂಕಟ. ಆಗ ನನ್ನೊಳಗಿನ ನ್ಯಾಯಾಧೀಶ ಎದ್ದು ಕೂತ. ಹುಡುಗನಿಗೆ ಏನು ಇಷ್ಟವೋ ಅದನ್ನು ಕಣ್ಣಲ್ಲಿ ನೋಡದೆ ತೀರ್ಪು ಕೊಡಬಾರದು, ಕಂಪ್ಯೂಟರನ್ನು ಸಭೆಯ ಮುಂದೆ ಬಿಚ್ಚಿಸಿ ಎಂದು ಅಪ್ಪಣೆ ಮಾಡಿದೆ.

ಚಾಮರಾಜನಗರದ ಒಂದು ಜೆರಾಕ್ಸ್ ಅಂಗಡಿಯಿಂದ ಗುಜರಿಯ ಬೆಲೆಗೆ ತಂದು ಅವನೇ ಜೀವ ಕೊಟ್ಟ ಡೆಸ್ಕ್‌ಟಾಪು ಅದು. ಕ್ಯಾಬಿನೆಟ್ ತೆಗೆದ. ಒಂದೊಂದೇ ಭಾಗ ಕೈಯಿಂದ ಕೈಗೆ ಬಂತು. ರ್‍ಯಾಮ್ ಬಾವನಿಗೆ, ಹೀಟ್‌ಸಿಂಕ್ ಅಕ್ಕನಿಗೆ, ಪ್ರೊಸೆಸರ್ ಅವ್ವನ ಅಂಗೈಗೆ. ಹಳೆಯ ಕಾಲದ ಪ್ರೊಸೆಸರ್, ಅಡಿಯಲ್ಲಿ ಸಾಲುಸಾಲು ಪಿನ್ನು. "ಈ ಪಿನ್ನಿನ ಮ್ಯಾಲಿರದು ಚಿನ್ನ ಅಜ್ಜಿ" ಎಂದ. ನಿಜವೇ, ಕಿಲುಬು ಹಿಡಿಯದಿರಲೆಂದು ಅತಿ ತೆಳ್ಳಗೆ ಚಿನ್ನದ ಲೇಪ ಕೊಡುತ್ತಾರೆ. ಅವ್ವ ಅದನ್ನು ಸೆರಗಿನಿಂದ ಒರೆಸಿ, ಕಣ್ಣಿನ ಹತ್ತಿರ ಹಿಡಿದು, "ಎಷ್ಟು ಗುಂಜಿ?" ಎಂದಳು. ಸೆರಗಿಗೆ ಹತ್ತಿದ ಬೂದುಬಣ್ಣದ ಥರ್ಮಲ್ ಪೇಸ್ಟ್ ಇವತ್ತಿಗೂ ಹೋಗಿಲ್ಲ. ಅವಳ ಮುಷ್ಟಿಯಿಂದ ಪ್ರೊಸೆಸರ್ ಬಿಡಿಸಿಕೊಳ್ಳುವಷ್ಟರಲ್ಲಿ ಎರಡನೇ ಸಲ ಕಾಫಿ ಆಯಿತು.

ಎಲ್ಲ ಮತ್ತೆ ಜೋಡಿಸಿ ಸ್ವಿಚ್ ಹಾಕಿದ.

ಬೀಪ್. ಉದ್ದನೆಯದು. ವಸಿ ಬಿಟ್ಟು ಇನ್ನೊಂದು. ಮತ್ತೂ ಒಂದು.

ಕಂಪ್ಯೂಟರ್ ಎದ್ದ ಕೂಡಲೇ ತನ್ನ ಮೈಯನ್ನು ತಾನೇ ತಡವಿ ನೋಡಿಕೊಳ್ಳುತ್ತದೆ. ಎಲ್ಲ ನೆಟ್ಟಗಿದ್ದರೆ ಇಂಥ ಹಳೆಯ ಬೋರ್ಡುಗಳಲ್ಲಿ ಒಂದೇ ಗಿಡ್ಡ ಬೀಪ್; ಇಲ್ಲವಾದರೆ ರೋಗಕ್ಕೊಂದು ರಾಗ. ಪರದೆಯ ಮೇಲೆ ಅಕ್ಷರ ಮೂಡುವ ಮೊದಲೇ ಕೆಟ್ಟರೆ ಕೂಗಿಯೇ ಹೇಳಬೇಕಲ್ಲ. ಬಿಡದೆ ಉದ್ದುದ್ದ ಕೂಗಿದರೆ ಹೆಚ್ಚಾಗಿ ರ್‍ಯಾಮ್ ಸ್ಲಾಟಿನಲ್ಲಿ ಸರಿಯಾಗಿ ಕೂತಿಲ್ಲವೆಂದೇ ಅರ್ಥ. ತೆಗೆದು, ಅದರ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸುವುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಚೆನ್ನೈನ ರಿಚ್ಚಿ ಸ್ಟ್ರೀಟಿನಲ್ಲೂ ಮೊದಲ ಮದ್ದು ಇದೇ. ಅಳಿಯ ಜೇಬಿನಿಂದ ರಬ್ಬರ್ ತೆಗೆದೂ ಆಗಿತ್ತು.

"ಮುಟ್ಬ್ಯಾಡ ತಡಿ ಮೊಗ, ನುಡೀತಾ ಅದ!" ಎಂದಳು ಅವ್ವ.

ಹಲ್ಲಿ ಲೊಚಗುಟ್ಟಿದರೆ ಯಾವ ವಾರ, ಯಾವ ದಿಕ್ಕು ಎಂದು ನೋಡಿ ಫಲ ಹೇಳುವ ಕೋಷ್ಟಕ ಪಂಚಾಂಗದಲ್ಲಿರುತ್ತದೆ. ಅವ್ವನ ತರ್ಕದಲ್ಲಿ ಬಿರುಕೇ ಇರಲಿಲ್ಲ: ಗೋಡೆಯ ಮೇಲೆ ನೊಣ ತಿಂದುಕೊಂಡಿರುವ ಹಲ್ಲಿಗೇ ನಾಳಿನದು ತಿಳಿಯುವುದಾದರೆ, ಹೊಟ್ಟೆಯಲ್ಲಿ ಚಿನ್ನ ಇಟ್ಟುಕೊಂಡಿರುವ ಇದಕ್ಕೆ ತಿಳಿಯದೆ? ಓದಿದವನು ನಾನು, ನಗಬೇಕಿತ್ತು. ಎದ್ದು ಹೋಗಿ ಪಂಚಾಂಗ ತಂದೆ.

ಭಾನುವಾರ, ದಕ್ಷಿಣ. ಬೆರಳಿಟ್ಟು ನೋಡಿದೆ. ಓದಿ ಹೇಳುವಂಥದ್ದೇನೂ ಇರಲಿಲ್ಲ.

"ಹಂಗಾರ ದಿಕ್ಕು ಬದ್ಲಾಯ್ಸು" ಎಂದ ಬಾವ. ಟೊಮೇಟೊ ರೇಟು ತಾಳವಾಡಿಯಲ್ಲಿ ಬಿದ್ದರೆ ಲೋಡನ್ನು ಮೈಸೂರಿಗೆ ತಿರುಗಿಸುವ ಮನುಷ್ಯ ಅವನು. ಕಂಪ್ಯೂಟರನ್ನು ಪಡುವಲ ಗೋಡೆಗೆ ಸಾಗಿಸಿದೆವು. ಬೀಪ್. ಫಲ: ಬಂಧು ಸಮಾಗಮ. ಜಗಲಿ ತುಂಬ ಬಂಧುಗಳೇ ಇದ್ದದ್ದರಿಂದ ಶಾಸ್ತ್ರದ ಮೇಲೆ ಎಲ್ಲರಿಗೂ ನಂಬಿಕೆ ಗಟ್ಟಿಯಾಯಿತು. ಬಡಗಲಿಗೆ ಒಯ್ದೆವು. ಬೀಪ್. ಫಲ ಕಲಹ ಎಂದಿತ್ತು. ಕಾಯಿಲ್ ಕಟ್ಟುವವರು, ಬಾವನ ಅಣ್ಣ ಆಗಲೇ ಐಟಿಐ-ಪಾಲಿಟೆಕ್ನಿಕ್ ಎಂದು ಶುರು ಹಚ್ಚಿದ್ದರು. ಉಳಿದದ್ದು ಈಶಾನ್ಯ, ದೇವರ ಮೂಲೆ. ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಎಕ್ಸ್‌ಟೆನ್ಶನ್ ಬಾಕ್ಸಿಗೆ ಎಕ್ಸ್‌ಟೆನ್ಶನ್ ಬಾಕ್ಸ್ ಸಿಕ್ಕಿಸಿ ನಡುಮನೆ ದಾಟಿಸಿದ್ದಾಯಿತು. ಪಂಚಾಂಗ ಹಿಡಿದ ಅವ್ವ ಮುಂದೆ, ಕ್ಯಾಬಿನೆಟ್ ಹೊತ್ತ ಬಾವ ಹಿಂದೆ, ಮಾನಿಟರನ್ನು ಮಗುವಿನಂತೆ ಎದೆಗವಚಿಕೊಂಡ ನಾನು ಅವನ ಹಿಂದೆ, ವೈರು ನೆಲಕ್ಕೆ ತಾಗದಂತೆ ಎತ್ತಿ ಹಿಡಿದ ಅಕ್ಕ ಕೊನೆಗೆ. ಹುಡುಗ ರಬ್ಬರ್ ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತಿದ್ದ. ನಾನು ಅವನ ಕಣ್ಣು ತಪ್ಪಿಸಿದೆ. ಆದರೆ ನಿಲ್ಲಲಿಲ್ಲ. ಬಹಳ ದಿನದಿಂದ ಇಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಹೊಸ್ತಿಲಲ್ಲಿ ಬಾವ ಮುಗ್ಗರಿಸಿ ಕ್ಯಾಬಿನೆಟ್ಟನ್ನು ಧಡ್ ಎಂದು ಕುಕ್ಕಿದ. ಅಲ್ಲೇ ಸ್ವಿಚ್ ಹಾಕಿದೆವು.

ಬೀಪ್. ಒಂದೇ. ಗಿಡ್ಡದು. ಪರದೆ ಬೆಳಗಿತು. ಅವ್ವ ಕೈಮುಗಿದಳು.

"ಕುಕ್ಕಿದ್ಕ ರ್‍ಯಾಮ್ ಕೂತ್ಕತು ಮಾವ, ಅಷ್ಟೆಯ" ಎಂದ ಹುಡುಗ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ, ಹಾಕಿಕೊಳ್ಳದವನಂತೆ ಶಾಲೆಯ ಅಟ್ಲಾಸ್ ಬಿಡಿಸಿ, ನಮ್ಮೂರಿಂದ ಈಶಾನ್ಯಕ್ಕೆ ಅಡಿಪಟ್ಟಿ ಇಟ್ಟೆ. ಗೆರೆ ಹೋಗಿ ಹೊಸೂರಿನ ಹತ್ತಿರ ಮುಟ್ಟಿತು. ಆ ಕಡೆ ಟಾಟಾದವರು ಐಫೋನಿನ ಭಾಗಗಳನ್ನು ತಯಾರಿಸುವ ಕಾರ್ಖಾನೆ ಇದೆ ಎಂದು ಗಂಭೀರವಾಗಿ ಹೇಳಿದೆ. ಸಭೆ ನಿಟ್ಟುಸಿರು ಬಿಟ್ಟಿತು. ಇಸಿಇ ಪಾಸಾಯಿತು.

ಸಂಜೆ ಬೆಂಗಳೂರಿನ ನೆಂಟನೊಬ್ಬ ಫೋನ್ ಮಾಡಿ ಎಲ್ಲವನ್ನೂ ಕಲಕಿದ. "ಹಾರ್ಡ್‌ವೇರ್‌ಗೆ ಸ್ಕೋಪ್ ಇಲ್ಲ." ಈ ಸ್ಕೋಪ್ ಎಂಬುದನ್ನು ಅಳೆಯುವ ಮಾಪಕ ಬೆಂಗಳೂರಿಗೆ ಹೋದವರಿಗೆಲ್ಲ ಯಾರು ಹಂಚುತ್ತಾರೋ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಅವನ ಬೆಂಗಳೂರಿಗೇ ಬಂದು ಚಿಪ್ ವಿನ್ಯಾಸಕ್ಕೆ ಕೂತಿತು. ನಮಗೆ ಒಂದೆರಡು ಬಸ್ಸಿನ ದೂರದ ನಂಜನಗೂಡಿನಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಸರ್ಕ್ಯೂಟ್ ಬೋರ್ಡು ಮಾಡುತ್ತದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ಉದ್ಯಮಕ್ಕೆಂದು 76,000 ಕೋಟಿ ರೂಪಾಯಿ ತೆಗೆದಿಟ್ಟಿತು. ಇದೆಲ್ಲ ಹೇಳಿದೆ. "ನೀವು ಮೇಷ್ಟ್ರು, ನಿಮಗೆ ಮಾರ್ಕೆಟ್ ಗೊತ್ತಾಗಲ್ಲ" ಎಂದ. ಅವನ ಫೋನು ನಡುವೆ ಕಟ್ಟಾದದ್ದು ನಮ್ಮ ಸಿಗ್ನಲ್ಲಿನ ಕೃಪೆ ಎಂದು ಅವನು ತಿಳಿದಿದ್ದಾನೆ. ತಿಳಿದಿರಲಿ.

ಛಲಕ್ಕೆ ಬಿದ್ದು ರಾತ್ರಿಯೆಲ್ಲ ಓದಿದೆ. ಇಂಟೆಲ್ 1971ರಲ್ಲಿ ಹೊರತಂದ 4004 ಮೈಕ್ರೊಪ್ರೊಸೆಸರಿನಲ್ಲಿ ಇದ್ದದ್ದು 2,300 ಟ್ರಾನ್ಸಿಸ್ಟರು. ಅದನ್ನು ಕಟ್ಟಿದವರು ಯಾವ ಡಿಗ್ರಿ ಮಾಡಿದ್ದರು? ಫೆಡರಿಕೊ ಫ್ಯಾಗಿನ್ ಇಟಲಿಯ ತಾಂತ್ರಿಕ ಶಾಲೆಯಲ್ಲಿ ಓದಿ, ಒಲಿವೆಟ್ಟಿ ಕಂಪನಿಯಲ್ಲಿ ಹತ್ತೊಂಬತ್ತರ ಪ್ರಾಯಕ್ಕೇ ಪುಟ್ಟ ಕಂಪ್ಯೂಟರ್ ಕಟ್ಟಿ, ಆಮೇಲೆ ಕಾಲೇಜಿಗೆ ಹೋಗಿ ಕಲಿತದ್ದು ಭೌತಶಾಸ್ತ್ರ. ಜಪಾನಿನ ಮಸಾತೋಶಿ ಶಿಮಾ ಓದಿದ್ದು ರಸಾಯನಶಾಸ್ತ್ರ. ಇಂಟಿಗ್ರೇಟೆಡ್ ಸರ್ಕ್ಯೂಟಿಗೆ 2000ದಲ್ಲಿ ನೊಬೆಲ್ ಪಡೆದ ಜ್ಯಾಕ್ ಕಿಲ್ಬಿಗೆ ಎಂಐಟಿಯ ಪ್ರವೇಶ ಪರೀಕ್ಷೆಯೇ ಪಾಸಾಗಿರಲಿಲ್ಲ. ಬೆಳಿಗ್ಗೆ ಇದನ್ನೆಲ್ಲ ಬಾವನಿಗೆ ಒದರಿದೆ. ಕೋಸಿಗೆ ನೀರು ಬಿಡುತ್ತಲೇ ಕೇಳಿಸಿಕೊಂಡು, "ಹಂಗಾರ ಕೆಮಿಸ್ಟ್ರಿಗೇ ಸೇರ್ಸುದ ಮೇಷ್ಟ್ರೇ?" ಎಂದ. ನಾನು ಹೊತ್ತಾಯಿತೆಂದು ಹೊರಟೆ.

ಇನ್ನು ಸೀಟಿನ ಮಾತು. ಕರ್ನಾಟಕವಾದರೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ತಮಿಳುನಾಡಿನಲ್ಲಿ ಪ್ರವೇಶ ಪರೀಕ್ಷೆಯಿಲ್ಲ. ಪ್ಲಸ್ ಟೂನ ಗಣಿತ 100ಕ್ಕೆ, ಭೌತ 50ಕ್ಕೆ, ರಸಾಯನ 50ಕ್ಕೆ ಇಳಿಸಿ 200ಕ್ಕೆ ಕಟಾಫ್. ಟಿವಿ ಬಿಚ್ಚಿದ್ದಕ್ಕೆ ಎರಡೂ ಕಡೆ ಸೊನ್ನೆ. ಚಾಮರಾಜನಗರ ನಮಗೆ ಸಂತೆಗೆ ಹೋಗಿಬರುವಷ್ಟು ಹತ್ತಿರ, ಆದರೆ ಬೇರೆ ರಾಜ್ಯ. ನಮ್ಮ ಜಿಲ್ಲಾಕೇಂದ್ರ ಈರೋಡು ನೂರು ಕಿಲೋಮೀಟರಿಗೂ ಆಚೆ, ದಿಂಬಂ ಘಾಟಿಯ 27 ತಿರುವು ಇಳಿದು. ಆದರೂ ಮಾತು ಮುಗಿಸಿದ್ದು 7.5 ಎಂಬ ಅಂಕಿ. ಆರನೇ ತರಗತಿಯಿಂದ ಪ್ಲಸ್ ಟೂವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲೇ ಓದಿದವರಿಗೆ 2021ರಿಂದ ಎಂಜಿನಿಯರಿಂಗಿನಲ್ಲಿ ಶೇಕಡಾ 7.5 ಮೀಸಲು, ಫೀಸೂ ಸರ್ಕಾರದ್ದೇ, ಹಾಸ್ಟೆಲ್ ಖರ್ಚೂ ಸರ್ಕಾರದ್ದೇ. ಬಾವ ಎದ್ದು ಪಂಚೆ ಕೊಡವಿದ. ಸಭೆ ಬರಖಾಸ್ತು.

ನನಗೆ ಮಾತ್ರ ನಿದ್ದೆ ಬರಲಿಲ್ಲ. ನಾಲ್ಕೈದು ವರ್ಷದ ಹಿಂದೆ ಇವನಿಗಿಂತ ಚುರುಕಾದ ಒಬ್ಬನನ್ನು ಹೀಗೇ ಬೆಟ್ಟ ಇಳಿಸಿ ಕಳಿಸಿದ್ದೆವು. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನದು, ತಿಳಿಯದಿದ್ದರೆ ವಿವರಣೆ ತಮಿಳಿನದು. ಅವನ ಹತ್ತಿರ ಇದ್ದದ್ದು ನಾನು ಕಲಿಸಿದ ಕನ್ನಡ, ಜೊತೆಗೆ ಸಂತೆಯಲ್ಲಿ ಹತ್ತಿದ ತಮಿಳು. ಆ ತಮಿಳಿನಲ್ಲಿ ಕೋಸಿನ ರೇಟು ಕೇಳಬಹುದೇ ಹೊರತು ಟ್ರಾನ್ಸಿಸ್ಟರ್ ಹೇಗೆ ನಡೆಯುತ್ತದೆ ಎಂದು ಕೇಳಲಾಗುವುದಿಲ್ಲ. ಮೊದಲ ವರ್ಷದ ಪೇಪರುಗಳನ್ನು ಉಳಿಸಿಕೊಂಡು ಬಂದ. ಈಗ ತರಕಾರಿ ಪಿಕಪ್ ಓಡಿಸುತ್ತಾನೆ. ದಾರಿಯಲ್ಲಿ ಸಿಕ್ಕರೆ ಗಾಡಿ ನಿಲ್ಲಿಸಿ, ಇಳಿದು ನಮಸ್ಕಾರ ಹೇಳುತ್ತಾನೆ. ಅವನು ಇಳಿಯದಿದ್ದರೇ ನನಗೆ ಸುಲಭವಾಗುತ್ತಿತ್ತು.

ಅದಕ್ಕೇ ಆ ಬೇಸಿಗೆ ಉಳಿದಷ್ಟು ದಿನ ಸಂಜೆ ಹೊತ್ತು ಅಳಿಯನನ್ನು ಕೂರಿಸಿಕೊಂಡು ಇಂಗ್ಲಿಷ್ ಎಲೆಕ್ಟ್ರಾನಿಕ್ಸ್ ಪುಸ್ತಕ ಓದಿಸಿದೆ. ನನಗೆ ಇಂಗ್ಲಿಷ್ ಬರುತ್ತದೆ, ಎಲೆಕ್ಟ್ರಾನಿಕ್ಸ್ ಬರುವುದಿಲ್ಲ, ಅವನಿಗೆ ತಿರುಗುಮುರುಗು. ಇಬ್ಬರೂ ಸೇರಿ ಒಬ್ಬ ಪೂರ್ತಿ ವಿದ್ಯಾರ್ಥಿಯಾಗುತ್ತಿದ್ದೆವು.

ಆನ್‌ಲೈನ್ ಕೌನ್ಸೆಲಿಂಗ್, ಸರ್ಟಿಫಿಕೇಟು, ಕರೆಂಟು ಹೋದದ್ದು, ಬಂದದ್ದು, ಎಲ್ಲ ಆಗಿ ಇಸಿಇ ಸೀಟು ಸಿಕ್ಕಿತು. ರಾತ್ರಿ ಘಾಟಿ ರಸ್ತೆ ಮುಚ್ಚುವುದರಿಂದ ಹಗಲಿನಲ್ಲೇ ಟ್ರಂಕು ಇಳಿಸಿ ಹಾಸ್ಟೆಲ್ಲಿಗೆ ಬಿಟ್ಟು ಬಂದೆ. ವಾರ ಕಳೆದು ಫೋನ್ ಮಾಡಿದ. ಸ್ಪೀಕರ್ ಹಾಕಿ ಎಲ್ಲರೂ ಸುತ್ತ ಕೂತೆವು.

"ಏನೇನ್ ಪಾಠ ಮಗ?"

"ಇಂಗ್ಲಿಷು, ಲೆಕ್ಕ, ಫಿಸಿಕ್ಸು, ಪೈಥಾನ್, ತಮಿಳರ್ ಮರಬು, ಕೆಮಿಸ್ಟ್ರಿ. ಚಿಪ್ಪಿನ ಸುದ್ದಿನೇ ಇಲ್ಲ ಮಾವ. ಮುಂದಿನ ಸೆಮಿಸ್ಟರಲ್ಲಿ ಸಾಲ್ಡರಿಂಗ್ ಅದಂತ. ಅದ್ರ ಜೊತ್ಗ ಪ್ಲಂಬಿಂಗೂ, ಮರಗೆಲಸನೂ."

"ಕೆಮಿಸ್ಟ್ರಿ ಅದಾ?" ಎಂದು ಬಾವ ನನ್ನ ಕಡೆ ತಿರುಗಿದ. ಮೀಸೆಯ ಕೆಳಗೆ ಗೆದ್ದವನ ನಗೆ. "ನಾ ಅವತ್ತೇ ಹೇಳ್ನಿಲ್ವ ಮೇಷ್ಟ್ರೇ?"

ಅವ್ವ ಫೋನ್ ಕಿತ್ತುಕೊಂಡಳು. "ಮೊಗ, ನಿನ್ ಕೋಣೆ ಯಾವ್ ದಿಕ್ಕಿಗದ?"

"ಈಶಾನ್ಯನೇ ಅಜ್ಜಿ" ಎಂದ, ಅರೆಗಳಿಗೆಯೂ ತಡೆಯದೆ.

ಆ ಕೋಣೆಯಲ್ಲಿ ಅವನ ಹಾಸಿಗೆ ಹಾಸಿಕೊಟ್ಟು ಬಂದವನು ನಾನು. ಅಲ್ಲಿರುವುದು ಒಂದೇ ಕಿಟಕಿ, ಸಂಜೆಯ ಬಿಸಿಲು ಅದರಿಂದ ನೇರ ಮುಖಕ್ಕೆ ಹೊಡೆಯುತ್ತದೆ.