ಕಟ್ಟೆಯ ಮೇಲೆ ತೀರ್ಪು ಕೊಡುವ ನಮ್ಮೂರಿನವರಿಗೆ

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಕಟ್ಟೆಗಳಲ್ಲಿ, ಹೋಟೆಲುಗಳಲ್ಲಿ, ಬಸ್ಸು ಕಾಯುವ ಕಡೆ ಕೂತು ಮಾತಾಡುವ ಹಿರಿಯರಿಗೆ, ಅಕ್ಕಂದಿರಿಗೆ, ಅಣ್ಣತಮ್ಮಂದಿರಿಗೆ,

ಯಾವುದೋ ಊರಿನ ಯಾವುದೋ ಮನೆಯಲ್ಲಿ ಹೆಂಡತಿ ಸತ್ತಳು, ಗಂಡನನ್ನು ಪೊಲೀಸರು ಹಿಡಿದರು ಎಂದು ಟಿವಿಯಲ್ಲಿ ಬಂದ ಸಂಜೆ ನಮ್ಮಲ್ಲಿ ಏನು ಮಾತು ನಡೆಯುತ್ತದೆ ಎಂದು ನಿಮಗೇ ಗೊತ್ತು. "ಅವ್ನೇ ಮಾಡಿರೋದು, ಮುಖ ನೋಡಿದ್ರೆ ಗೊತ್ತಾಗಲ್ವೇನು" ಅನ್ನುತ್ತಾರೆ ಒಬ್ಬರು. "ಸುಮ್‌ಸುಮ್ನೆ ಪೊಲೀಸರು ಹಿಡೀತಾರಾ" ಅನ್ನುತ್ತಾರೆ ಇನ್ನೊಬ್ಬರು. ಟೀ ಆರುವುದರೊಳಗೆ ತೀರ್ಪು ಬರೆದಾಗಿರುತ್ತದೆ. ಇದೇ ವಿಷಯಕ್ಕೆ ನಾನು ಈ ಪತ್ರ ಬರೆಯುತ್ತಿರುವುದು. ಮಾತು ನಿಲ್ಲಿಸಿ ಎಂದು ಕೇಳುತ್ತಿಲ್ಲ. ಕೊಲೆಯಂಥ ಘೋರ ನಡೆದಾಗ ಊರು ಮಾತಾಡದೆ ಇದ್ದರೆ ಅದು ಇನ್ನೂ ಕೆಟ್ಟದ್ದು. ಆದರೆ ಏನನ್ನು ಆಧಾರ ಮಾಡಿಕೊಂಡು ಮಾತಾಡುತ್ತಿದ್ದೇವೆ ಎಂದು ಒಮ್ಮೆ ಎಲ್ಲರೂ ಕೂತು ಯೋಚಿಸೋಣ.

ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಕರಣವನ್ನು ನೆನಪಿಸುತ್ತೇನೆ. ಕೊಡಗಿನ ಕುಶಾಲನಗರದ ಹತ್ತಿರ ಬಸವನಹಳ್ಳಿ ಅಂತ ಒಂದು ಊರು. ಅಲ್ಲಿನ ಬುಡಕಟ್ಟು ಸಮುದಾಯದ ಒಬ್ಬ ಕೂಲಿಕಾರ, 2020ರಲ್ಲಿ ತನ್ನ ಹೆಂಡತಿ ಕಾಣೆಯಾಗಿದ್ದಾಳೆ ಎಂದು ಪೊಲೀಸರಿಗೆ ತಾನೇ ದೂರು ಕೊಟ್ಟ. ಪಕ್ಕದ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಹೆಣ್ಣಿನ ಅಸ್ಥಿಪಂಜರ ಸಿಕ್ಕಿತ್ತು. ಅದು ಅವನ ಹೆಂಡತಿಯದೇ ಎಂದು ಪೊಲೀಸರು ಹೇಳಿದರು. ದೂರು ಕೊಟ್ಟವನೇ ಆರೋಪಿಯಾದ. ಡಿಎನ್‌ಎ ವರದಿ ಕೈಗೆ ಬರುವ ಮೊದಲೇ ಆರೋಪಪಟ್ಟಿ ನ್ಯಾಯಾಲಯಕ್ಕೆ ಹೋಯಿತು. ಆಮೇಲೆ ಬಂದ ವರದಿ ಆ ಮೂಳೆಗಳು ಅವಳವಲ್ಲ ಎಂದಿತು. ಅಷ್ಟರಲ್ಲಿ ಆ ಮನುಷ್ಯ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದ. ಜಾಮೀನು ಸಿಕ್ಕ ಮೇಲೂ ಕೊಲೆ ಆರೋಪಿ ಎಂಬ ಹೆಸರು ಅವನ ಬೆನ್ನು ಬಿಡಲಿಲ್ಲ.

2025ರ ಏಪ್ರಿಲ್ 1ರಂದು ಅವನ ಗೆಳೆಯರು ಮಡಿಕೇರಿಯ ಒಂದು ಹೋಟೆಲಿನಲ್ಲಿ ಆ ಹೆಂಡತಿಯನ್ನೇ ಕಣ್ಣಾರೆ ಕಂಡರು. ಆಕೆ ಬೇರೊಬ್ಬನ ಜೊತೆ ಬದುಕು ಕಟ್ಟಿಕೊಂಡು, ಹೆಚ್ಚು ದೂರವೇನೂ ಇರದ ಊರಿನಲ್ಲಿದ್ದಳು. ಅವಳನ್ನು ಮೈಸೂರಿನ ಸೆಷನ್ಸ್ ನ್ಯಾಯಾಲಯದ ಮುಂದೆ ಹಾಜರುಪಡಿಸಿದರು. ತನ್ನದೇ ಕೊಲೆಯ ಮೊಕದ್ದಮೆ ನಡೆಯುತ್ತಿರುವ ನ್ಯಾಯಾಲಯದಲ್ಲಿ ಅವಳು ಜೀವಂತ ನಿಂತಳು. ಅದೇ ತಿಂಗಳು ನ್ಯಾಯಾಲಯ ಅವನನ್ನು ಖುಲಾಸೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ತನಿಖೆ ಮಾಡಿದವರ ಮೇಲೆ ಕ್ರಮಕ್ಕೂ ಸೂಚಿಸಿತು. ಕಳೆದುಹೋದ ವರ್ಷಗಳಿಗೆ ಆ ಹಣ ಸಾಲದೆಂದು ಅವನು ಹೈಕೋರ್ಟಿನ ಮೆಟ್ಟಿಲು ಹತ್ತಿದ.

ಈ ಕಥೆಯನ್ನು ಇಲ್ಲಿಗೆ ಮುಗಿಸಿ, "ಪಾಪ, ಬಡವನಿಗೆ ಅನ್ಯಾಯವಾಯಿತು" ಎಂದು ಎದ್ದು ಹೋಗುವವರೇ ಹೆಚ್ಚು. ನನ್ನನ್ನು ಅದಕ್ಕಿಂತ ಹೆಚ್ಚಾಗಿ ಕಾಡುವುದು ಇನ್ನೊಂದು ಪ್ರಶ್ನೆ. ಆ ಅಸ್ಥಿಪಂಜರ ಯಾರದು? ಅವಳೂ ಯಾರದೋ ಮಗಳು. ಅವಳಿಗೂ ಒಂದು ಹೆಸರಿತ್ತು, ಒಂದು ಊರಿತ್ತು. ಅವಳು ಹೇಗೆ ಸತ್ತಳು ಎಂದು ಹುಡುಕಬೇಕಾಗಿದ್ದ ವರ್ಷಗಳೆಲ್ಲ ಬೇರೊಬ್ಬಳ ಹೆಸರಿನ ಕಡತದೊಳಗೆ ಮುಗಿದುಹೋದವು. ತಪ್ಪು ಮನುಷ್ಯನನ್ನು ಹಿಡಿದ ದಿನವೇ ನಿಜವಾದ ಹುಡುಕಾಟ ನಿಂತುಹೋಗುತ್ತದೆ. ಅನುಮಾನ ಇಟ್ಟುಕೊಂಡರೆ ಆರೋಪಿಗೆ ಲಾಭ, ಸತ್ತವರಿಗೆ ದ್ರೋಹ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಬಸವನಹಳ್ಳಿಯ ಪ್ರಕರಣದಲ್ಲಿ ಅನುಮಾನ ಇಲ್ಲದೆ ಹೋದದ್ದರಿಂದಲೇ ಸತ್ತವಳಿಗೆ ದ್ರೋಹವಾಯಿತು. ನಾನು ಹೇಳಬೇಕೆಂದಿರುವ ಮಾತು ಇದೇ.

ದೊಡ್ಡ ಊರುಗಳ, ಓದಿದವರ ಮನೆಯ ಪ್ರಕರಣಗಳೂ ಇದಕ್ಕೆ ಹೊರತಲ್ಲ. 2008ರ ಮೇ ತಿಂಗಳಲ್ಲಿ ನೋಯ್ಡಾದಲ್ಲಿ ಆರುಷಿ ಎಂಬ 13 ವರ್ಷದ ಹುಡುಗಿಯ ಕೊಲೆಯಾಯಿತು. ಕಾಣೆಯಾಗಿದ್ದ ಮನೆಗೆಲಸದವನೇ ಕೊಲೆಗಾರ ಎಂದು ಮೊದಲ ದಿನ ಎಲ್ಲರೂ ನಂಬಿದರು. ಮರುದಿನ ಅದೇ ಮನೆಯ ತಾರಸಿಯ ಮೇಲೆ ಅವನ ಹೆಣ ಸಿಕ್ಕಿತು. ಆಮೇಲೆ ಹುಡುಗಿಯ ತಂದೆಯನ್ನು ಹಿಡಿದರು, ಬಳಿಕ ಬೇರೆ ಕೆಲಸಗಾರರನ್ನು ಹಿಡಿದರು, ಕೊನೆಗೆ ಮತ್ತೆ ತಂದೆತಾಯಿಯತ್ತ ತಿರುಗಿದರು. ನಡುವೆ ಸತ್ತ ಮಗುವಿನ ನಡತೆಯ ಬಗ್ಗೆಯೂ ದೇಶ ಬಾಯಿಗೆ ಬಂದಂತೆ ಆಡಿಕೊಂಡಿತು. 2013ರಲ್ಲಿ ಸಿಬಿಐ ನ್ಯಾಯಾಲಯ ತಂದೆತಾಯಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಒಂದೊಂದು ಹಂತದಲ್ಲೂ ಟಿವಿ ಮುಂದೆ ಕೂತವರಿಗೆ ಕೊಲೆಗಾರ ಯಾರೆಂಬುದು ಖಚಿತವಾಗಿ ಗೊತ್ತಿತ್ತು. ಪ್ರತಿ ಸಲ ಬೇರೆ ಬೇರೆ ಮನುಷ್ಯ, ಅಷ್ಟೆ.

ಮನೆಯೊಳಗಿನ ಸಾವಿಗೆ ಕಣ್ಣಾರೆ ಕಂಡ ಸಾಕ್ಷಿ ಸಿಗುವುದು ಅಪರೂಪ. ಅದಕ್ಕೇ ಸುಪ್ರೀಂ ಕೋರ್ಟ್ 1984ರಲ್ಲಿ ಶರದ್ ಸಾರ್ದಾ ಪ್ರಕರಣದಲ್ಲಿ, ಸಾಂದರ್ಭಿಕ ಸಾಕ್ಷ್ಯವನ್ನು ತೂಗಲು ಐದು ನಿಯಮಗಳನ್ನು ಹಾಕಿಕೊಟ್ಟಿತು. ಅದೂ ಹೊಸದಾಗಿ ಮದುವೆಯಾದ ಹೆಣ್ಣುಮಗಳು ಗಂಡನ ಮನೆಯಲ್ಲಿ ವಿಷದಿಂದ ಸತ್ತ ಪ್ರಕರಣ. ಕೆಳಗಿನ ನ್ಯಾಯಾಲಯ ಗಂಡನಿಗೆ ಗಲ್ಲು ವಿಧಿಸಿತ್ತು, ಹೈಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಆಕೆ ತಾನೇ ವಿಷ ತೆಗೆದುಕೊಂಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ ಅವನನ್ನು ಬಿಟ್ಟಿತು. ನಿಯಮಗಳ ಸಾರ ಇಷ್ಟು: ಒಂದೊಂದು ಸಂಗತಿಯೂ ಸಂಪೂರ್ಣ ಸಾಬೀತಾಗಬೇಕು. ಎಲ್ಲ ಸಂಗತಿಗಳೂ ಆರೋಪಿಯ ಅಪರಾಧದ ಕಡೆಗೇ ಬೆರಳು ಮಾಡಬೇಕು. ಬೇರೆ ರೀತಿ ನಡೆದಿರಬಹುದಾದ ದಾರಿಗಳೆಲ್ಲ ಮುಚ್ಚಿರಬೇಕು. ನಡುವೆ ಒಂದು ಕೊಂಡಿಯೂ ಕಳಚಿರಬಾರದು. "ಮಾಡಿರಬಹುದು" ಎಂಬುದಕ್ಕೂ "ಮಾಡಿಯೇ ಇದ್ದಾನೆ" ಎಂಬುದಕ್ಕೂ ಬಹಳ ದೂರವಿದೆ ಎಂದು ಆ ತೀರ್ಪು ಹೇಳುತ್ತದೆ. ಮೊಳಕಾಲ್ಮೂರು ಸೀರೆ ನೇಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಾಸಿನಲ್ಲಿ ಒಂದು ಎಳೆ ಹರಿದರೆ ಬಟ್ಟೆಯುದ್ದಕ್ಕೂ ಅದು ಕಾಣುತ್ತದೆ.

ಇಲ್ಲಿ ನೀವು ನನ್ನನ್ನು ಕೇಳುವ ಪ್ರಶ್ನೆ ನನಗೆ ಗೊತ್ತು. "ಹಂಗಾದ್ರೆ ಹೆಂಡ್ತಿ ಕೊಂದೋರೆಲ್ಲ ಸಾಕ್ಷಿ ಇಲ್ಲ ಅಂತ ತಪ್ಪಿಸ್ಕೊಂಡು ಹೋಗ್ಲಾ?" ನ್ಯಾಯವಾದ ಪ್ರಶ್ನೆ. "ಹೊಟ್ಟೆನೋವು ತಾಳಲಾರದೆ ಔಷಧಿ ಕುಡಿದಳು", "ನೀರು ಸೇದಲು ಹೋಗಿ ಕಾಲು ಜಾರಿದಳು" ಎಂಬ ಒಂದೇ ಸಾಲಿನಲ್ಲಿ ಮುಚ್ಚಿಹೋದ ಸಾವುಗಳು ನಮ್ಮ ಹಳ್ಳಿಗಾಡಿಗೆ ಹೊಸದಲ್ಲ. ಕಾನೂನು ಇದಕ್ಕೂ ಕಣ್ಣುಮುಚ್ಚಿಲ್ಲ. ಮನೆಯ ನಾಲ್ಕು ಗೋಡೆಯೊಳಗೆ ಹೆಂಡತಿ ಸತ್ತು, ಆಗ ಗಂಡ ಅಲ್ಲೇ ಇದ್ದನೆಂದು ಸಾಬೀತಾದರೆ, ಏನಾಯಿತೆಂದು ಅವನೇ ವಿವರಿಸಬೇಕು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ತ್ರಿಮುಖ್ ಮಾರೋತಿ ಕಿರ್ಕನ್ ಪ್ರಕರಣದಲ್ಲಿ ಹೇಳಿದೆ. ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ತೋರಿಸಿದರೆ, ನ್ಯಾಯಾಲಯ ಅದನ್ನು ವರದಕ್ಷಿಣೆ ಸಾವೆಂದೇ ಭಾವಿಸಬೇಕು. ಹಿಂಸೆ ನಡೆದದ್ದನ್ನು ಮಾತ್ರ ಯಾರಾದರೂ ಬಂದು ಹೇಳಬೇಕು.

ನಾವು ಸೋಲುವುದು ಅಲ್ಲೇ. ಕಟ್ಟೆಯ ಮೇಲೆ ನಾವೆಲ್ಲರೂ ಸಾಕ್ಷಿ. ಪಕ್ಕದ ಮನೆಯ ಕೂಗು ಕೇಳಿದವರು ನಾವೇ, ಅವಳ ಕೈಮೇಲಿನ ಬಾಸುಂಡೆ ನೋಡಿದವರು ನಾವೇ, ರಾತ್ರಿ ಜಗಳವಾಡಿದ್ದು ಯಾರೆಂದು ಬಲ್ಲವರು ನಾವೇ. ಚಿತ್ರದುರ್ಗದ ಕೋರ್ಟಿನಿಂದ ಸಮನ್ಸ್ ಬಂದ ದಿನ ಮಾತ್ರ "ನಂಗೇನೂ ಗೊತ್ತಿಲ್ಲ ಸ್ವಾಮಿ, ಪೊಲೀಸರು ಬರ್ಕೊಂಡಿದ್ದಾರೆ" ಎಂದು ಬಂದುಬಿಡುತ್ತೇವೆ. ಸಾಕ್ಷಿ ಪ್ರತಿಕೂಲವಾಯಿತು ಎಂದು ನ್ಯಾಯಾಲಯ ಬರೆದುಕೊಳ್ಳುತ್ತದೆ. ಆರೋಪಿ ಬಿಡುಗಡೆಯಾಗುತ್ತಾನೆ. ಮರುದಿನ ಅದೇ ಕಟ್ಟೆಯಲ್ಲಿ ಕೂತು "ಕೋರ್ಟಲ್ಲಿ ನ್ಯಾಯ ಎಲ್ಲೈತೆ" ಅನ್ನುತ್ತೇವೆ. ನೋಡದೇ ಇದ್ದದ್ದನ್ನು ಖಚಿತವಾಗಿ ಹೇಳುವುದು, ನೋಡಿದ್ದನ್ನು ಹೇಳದೆ ಉಳಿಯುವುದು: ನಿರಪರಾಧಿ ಜೈಲಿಗೆ ಹೋಗುವುದೂ ಅಪರಾಧಿ ಮನೆಗೆ ಬರುವುದೂ ಈ ಎರಡರಿಂದಲೇ.

ಸತ್ಯ ನುಡಿಯುವ, ತೀರ್ಪಿಗೆ ಮುನ್ನ ತಾಳುವ ವಿಷಯದಲ್ಲಿ ನಮ್ಮ ನೆಲ ಬಡವಾದದ್ದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ನಮ್ಮ ಮೊಳಕಾಲ್ಮೂರು ತಾಲ್ಲೂಕಿನವು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಲ್ಲಿ ಬೆಳಕಿಗೆ ತಂದ ಅಶೋಕನ ಬಂಡೆ ಶಾಸನಗಳು ತಂದೆತಾಯಿಯ ಮಾತು ಕೇಳಿ, ಜೀವಿಗಳನ್ನು ಆದರಿಸಿ, ಸತ್ಯ ನುಡಿಯಿರಿ ಎಂದು ಜನರಿಗೆ ತಿಳಿಸುತ್ತವೆ. ಅದೇ ಅಶೋಕ ಉತ್ತರದ ತನ್ನ ಸ್ತಂಭ ಶಾಸನದಲ್ಲಿ, ಮರಣದಂಡನೆಗೆ ಗುರಿಯಾದವರಿಗೆ 3 ದಿನಗಳ ಗಡುವು ಕೊಡಿಸಿದ್ದನ್ನು ಬರೆಸಿದ್ದಾನೆ, ನೆಂಟರು ಆ ಅವಧಿಯಲ್ಲಿ ಜೀವ ಉಳಿಸಿಕೊಳ್ಳಲು ಮೊರೆಯಿಡಲಿ ಎಂದು. ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿ ಮೂರು ದಿನ ತಾಳಿದ. ನಾವು ಒಂದು ಲೋಟ ಟೀ ಮುಗಿಯುವವರೆಗೂ ತಾಳುವುದಿಲ್ಲ ಎಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಹಾಗಾಗಿ ನಿಮ್ಮಲ್ಲಿ ಮೂರು ಕೋರಿಕೆ.

ಮೊದಲನೆಯದು, ಪ್ರಕರಣ ಯಾವುದೇ ಇರಲಿ, ಮಾತಾಡುವಾಗ "ನಾನು ನೋಡಿದ್ದು", "ನಾನು ಕೇಳಿದ್ದು", "ನಾನು ಅಂದುಕೊಂಡದ್ದು" ಈ ಮೂರನ್ನೂ ಬೇರೆ ಬೇರೆ ಹೇಳೋಣ. ಪೊಲೀಸರ ಮುಂದೆ ಆರೋಪಿ ಒಪ್ಪಿಕೊಂಡನಂತೆ ಎಂಬ ಸುದ್ದಿಯನ್ನು ತೀರ್ಪೆಂದು ತಿಳಿಯುವುದು ಬೇಡ. ಅಂಥ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಬೀತುಪಡಿಸಲು ಬಾರದು ಎಂದು ಕಾನೂನೇ ಹೇಳಿದೆ. ಮಂಪರು ಪರೀಕ್ಷೆಯನ್ನೂ ಒಪ್ಪಿಗೆಯಿಲ್ಲದೆ ಮಾಡಬಾರದೆಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ನಮ್ಮ ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲೇ.

ಎರಡನೆಯದು, ನಿಜವಾಗಿ ನೋಡಿದ್ದರೆ, ಕೇಳಿದ್ದರೆ, ಅದನ್ನು ಹೇಳಬೇಕಾದ ಕಡೆ ಹೇಳೋಣ. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಡುವ ದಾರಿಯಿದೆ. ಜೀವಭಯವಿದ್ದರೆ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಬಹುದು. ಇನ್ನೂ ಒಳ್ಳೆಯದೆಂದರೆ, ಪಕ್ಕದ ಮನೆಯಲ್ಲಿ ಹೆಣ್ಣುಮಗಳು ಕೂಗಿಕೊಂಡ ರಾತ್ರಿಯೇ 112ಕ್ಕೋ 181ಕ್ಕೋ ಫೋನ್ ಮಾಡುವುದು. ಆಗ ಸಾಕ್ಷಿ ಹೇಳುವ ಪ್ರಸಂಗವೇ ಬರದೆ ಇರಬಹುದು.

ಮೂರನೆಯದು, ಆರೋಪ ಹೊತ್ತವರ ಮನೆಯನ್ನು ಊರಿನಿಂದ ದೂರ ಮಾಡುವುದು ಬೇಡ. ಆ ಮನೆಯ ಮಕ್ಕಳ ಮೇಲೆ ಯಾವ ಮೊಕದ್ದಮೆಯೂ ಇಲ್ಲ. ಬಂಧನದಲ್ಲಿರುವವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾಯ್ದೆಯಲ್ಲಿದೆ. 15100ಕ್ಕೆ ಫೋನ್ ಮಾಡಿ ಎಂದು ಅವರಿಗೆ ತಿಳಿಸುವುದೂ ನೆರೆಹೊರೆಯವರ ಕೆಲಸ.

ಅಪರಾಧ ಸಾಬೀತಾದವನಿಗೆ ಕಠಿಣ ಶಿಕ್ಷೆಯಾಗಲಿ ಎಂದು ನಾನೂ ಬಯಸುತ್ತೇನೆ. ಅದು ಸರಿಯಾದ ಮನುಷ್ಯನಿಗೇ ಆಗಬೇಕಾದರೆ ನಮ್ಮ ಬಾಯಿಯ ತೀರ್ಪು ತಡವಾಗಬೇಕು, ನಮ್ಮ ಸಾಕ್ಷಿ ಬೇಗ ಬರಬೇಕು.

ಇಂತಿ,
ನಿಮ್ಮ ಊರಿನವನೇ ಆದ ಒಬ್ಬ ದೇವಸಮುದ್ರದವ