ಪುರಾಣಭಾಂಡ ವಿಕ್ರಯ ಮೀಮಾಂಸೆ, ಅಥವಾ ಹಳೇ ಬೀರುವಿಗೆ ಲಾಸ್ಟ್ ಎಷ್ಟು?

ಶಾಸ್ತ್ರಗ್ರಂಥ ಬರೆಯುವವರು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡೋಣ. ಅಧಿಕಾರಿ: ಬಾಡಿಗೆ ಮನೆ ಖಾಲಿ ಮಾಡಲು ಓನರ್‌ನಿಂದ ಗಡುವು ಪಡೆದ ಗೃಹಸ್ಥ. ವಿಷಯ: ಹೊಸ ಮನೆಯ ಲಿಫ್ಟಿಗೆ ಹಿಡಿಸದ ಕಬ್ಬಿಣದ ಬೀರು. ಪ್ರಯೋಜನ: ನಾಲ್ಕು ಕಾಸು. ಸಂಬಂಧ: ಬೀರು ಮದುವೆಯಲ್ಲಿ ಮಾವನವರು ಕೊಡಿಸಿದ್ದು, ಆದ್ದರಿಂದ ಸಂಬಂಧದ ಬಗ್ಗೆ ಮೆಲ್ಲಗೆ ಮಾತಾಡತಕ್ಕದ್ದು.

ಹಳೇ ಸಾಮಾನು ಮಾರುವ ವಿದ್ಯೆ ಮೊಬೈಲಿನ ಜತೆ ಹುಟ್ಟಿತೆಂದು ತಿಳಿದವರು ಮೈಸೂರಿನ ಕಡೆ ಒಮ್ಮೆ ನೋಡಬೇಕು. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರ ನಾಲ್ಕನೇ ಅಧಿಕರಣದಲ್ಲಿ, ವರ್ತಕರನ್ನು ವಿಚಾರಿಸಿಕೊಳ್ಳುವ ಅಧ್ಯಾಯದ ಹೊಸ್ತಿಲಲ್ಲೇ ಪುರಾಣಭಾಂಡ ಕೂತಿದೆ: ಹಳೇ ಸಾಮಾನು ಮಾರುವವನು, ಒತ್ತೆ ಇಡುವವನು ಅದು ತನ್ನದೇ ಎಂದು ರುಜುವಾತು ಮಾಡಿದರೆ ಮಾತ್ರ ಮಾರುಕಟ್ಟೆಯ ಅಧಿಕಾರಿಯಾದ ಸಂಸ್ಥಾಧ್ಯಕ್ಷ ಒಪ್ಪಬೇಕು. ನಮ್ಮ ಗೃಹಸ್ಥ ಮುಗ್ಗರಿಸುವುದು ಇಲ್ಲೇ. ಬಿಲ್ಲು ಮಾವನ ಹೆಸರಲ್ಲಿ. ಬೀಗದ ಕೈ ಹೆಂಡತಿಯ ಸೊಂಟದಲ್ಲಿ. ಒಳಗೆ ಅವನಿಗೆಂದು ಇರುವುದು ಕೆಳಗಿನ ಒಂದೇ ಅರೆ, ಅದರಲ್ಲೂ ಅರ್ಧ ಎಲ್‌ಐಸಿ ಕಾಗದ. ಅದೇ ಅಧ್ಯಾಯ ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ್ದಕ್ಕೆ ನೂರಕ್ಕೆ 10 ಲಾಭ ಸಾಕು ಎನ್ನುತ್ತದೆ. ಮಾವನ ಮನೆ ಸ್ವದೇಶವೋ ಪರದೇಶವೋ ಎಂಬಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲ.

ಮೊದಲ ಪ್ರಕರಣ ಬೆಲೆಯದು. ಗೃಹಸ್ಥ 9,000 ಎನ್ನುತ್ತಾನೆ. ಊರು 3,500 ಎನ್ನುತ್ತದೆ. ಊರಿಗೆ ಹೊಟ್ಟೆಕಿಚ್ಚು ಎಂಬುದು ಪೂರ್ವಪಕ್ಷ. ಸಿದ್ಧಾಂತಕ್ಕೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ತ್ರಿಮೂರ್ತಿಗಳು ತರಗತಿಯ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಉಳಿದರ್ಧಕ್ಕೆ ಮಾರಲು ಹೇಳಿ, ನಡೆದದ್ದನ್ನು 1990ರಲ್ಲಿ ಪ್ರಕಟಿಸಿದರು. ಮಗ್ ಸಿಕ್ಕವರು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟಿತ್ತು. ಮಗ್ ಅವರ ವಶದಲ್ಲಿದ್ದದ್ದು ಸ್ವಲ್ಪವೇ ಹೊತ್ತು. ನಮ್ಮ ಬೀರು ಈ ಮನೆಯಲ್ಲಿರುವುದು 22 ವರ್ಷ. ಅದರ ಪಕ್ಕೆಯಲ್ಲಿ ಮಗಳ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳಿವೆ, ಪಿಯುಸಿ ಪರೀಕ್ಷೆಗೆ ಮುಂಚೆ ಅಂಟಿಸಿದ ಗಣಪತಿ ಸ್ಟಿಕ್ಕರ್ ಇದೆ, ಬಾಗಿಲು ಢಣ್ಣೆಂದಾಗಲೆಲ್ಲ ಕೆಳಗಿನ ಮನೆಯವರು ಗೊಣಗಿದ ಇತಿಹಾಸವಿದೆ. ಗೃಹಸ್ಥ ಒಂದೊಂದಕ್ಕೂ ದರ ಕಟ್ಟಿ ಕೂಡಿದ್ದಾನೆ. ಕೊಳ್ಳುವವನೂ ದರ ಕಟ್ಟುತ್ತಾನೆ, ಆದರೆ ಸ್ಟಿಕ್ಕರ್ ಕೆರೆದು ಪೇಂಟ್ ಹೊಡೆಸುವ ಕೂಲಿಯನ್ನು ಕಳೆದು.

ಎರಡನೆಯದು ಚಿತ್ರ. ಬೀರುವಿನ ಬಾಗಿಲಿಗೆ ನಿಲುವುಗನ್ನಡಿ ಇರುವುದರಿಂದ, ಬೀರುವಿನ ಫೋಟೋ ಎಂದರೆ ಬನಿಯನ್ನು ಲುಂಗಿಯಲ್ಲಿ ಮೊಬೈಲ್ ಎತ್ತಿ ಹಿಡಿದ ಮಾಲೀಕನ ಫೋಟೋ ಎಂದೇ ಅರ್ಥ. ಇದನ್ನು ಶಾಸ್ತ್ರ ದೋಷವೆಂದು ಎಣಿಸುವುದಿಲ್ಲ. ದೋಷ ಇರುವುದು ಕೆಳಗಿನ ಬರಹದಲ್ಲಿ. ‘ಹೊಸದರಂತಿದೆ, ಒಂದೇ ಮನೆಯವರು ಬಳಸಿದ್ದು’ ಎಂದು ಓದಿದವನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಅಷ್ಟು ಚೆನ್ನಾಗಿದ್ದರೆ ಮಾರುವುದೇಕೆ? ಇದೇ ಪ್ರಶ್ನೆಯನ್ನು ಸೆಕೆಂಡ್ ಹ್ಯಾಂಡ್ ಕಾರುಗಳ ಮೇಲೆ ಹೊರಿಸಿ ಜಾರ್ಜ್ ಅಕರ್ಲಾಫ್ ಬರೆದ ಪ್ರಬಂಧವನ್ನು ಮೂರು ಪತ್ರಿಕೆಗಳು ವಾಪಸು ಕಳಿಸಿದವು. 1970ರಲ್ಲಿ ನಾಲ್ಕನೆಯದು ಅಚ್ಚು ಹಾಕಿತು. 2001ರಲ್ಲಿ ನೊಬೆಲ್‌ನಲ್ಲೇ ಪಾಲು ಬಂತು. ಮಾಲಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಅವನು ಎಲ್ಲ ಮಾಲಿಗೂ ಹುಳುಕಿದೆ ಎಂದೇ ಬೆಲೆ ಕಟ್ಟುತ್ತಾನೆ. ಒಳ್ಳೆಯ ಮಾಲು ಮುನಿಸಿಕೊಂಡು ಮನೆಯಲ್ಲೇ ಉಳಿಯುತ್ತದೆ. ಆ ಮೂವರು ಸಂಪಾದಕರು ಶಿವಾಜಿನಗರದ ಗುಜರಿ ಬೀದಿಯಲ್ಲಿ ಒಂದು ಬೆಳಿಗ್ಗೆ ಕಳೆದಿದ್ದರೆ ಅಕರ್ಲಾಫರಿಗೆ ಅಷ್ಟು ಅಲೆದಾಟ ಇರುತ್ತಿರಲಿಲ್ಲ ಎಂಬುದು ಪ್ರಬಂಧಕಾರನ ನಮ್ರ ಅಭಿಪ್ರಾಯ.

ಇನ್ನು ಗ್ರಂಥದ ಜೀವಾಳ. ಜಾಹೀರಾತು ಹಾಕಿ ಕಾಫಿ ಮುಗಿಯುವುದರೊಳಗೆ ಮೆಸೇಜ್ ಬರುತ್ತದೆ.

‘ಇದೆಯಾ ಸಾರ್?’

‘ಇದೆ.’

‘ಲಾಸ್ಟ್ ಎಷ್ಟು?’

ಎತ್ತರವೆಷ್ಟು, ಅರೆ ಎಷ್ಟು, ಲಾಕರ್ ಇದೆಯೇ ಎಂಬ ಯಾವ ವಿಚಾರಣೆಯೂ ಇಲ್ಲ. ಲಾಸ್ಟ್ ಎಂಬುದು ಕೊನೆಯೆಂದು ಸಾಮಾನ್ಯರು ತಿಳಿಯುತ್ತಾರೆ, ಅದು ತಪ್ಪು. 8,500 ಎಂಬುದು ಪ್ರಥಮ ಲಾಸ್ಟ್. ‘ನಿಮಗೋಸ್ಕರ’ ಎಂಬ ವಿಶೇಷಣ ಸೇರಿದ 7,800 ಮಧ್ಯಮ ಲಾಸ್ಟ್. ‘ನಿಮ್ಮದೂ ಬೇಡ ನಮ್ಮದೂ ಬೇಡ’ ಎಂದು ಶುರುವಾಗುವುದು ಉತ್ತಮ ಲಾಸ್ಟ್. ಆಮೇಲೆ ‘ಮನೇಲಿ ಕೇಳಿ ಹೇಳ್ತೀನಿ’ ಬರುತ್ತದೆ. ಅದು ಲಾಸ್ಟ್ ಅಲ್ಲ, ಅಂತರ್ಧಾನ.

ಇಷ್ಟೆಲ್ಲ ಕೊಸರಾಟ ಏಕೆ? 1985ರ ಪ್ರಬಂಧವೊಂದರಲ್ಲಿ ಥೇಲರ್ ಒಂದು ಪ್ರಶ್ನೆ ಮುಂದಿಟ್ಟರು: ನೀವು ಕಡಲತೀರದಲ್ಲಿದ್ದೀರಿ, ಗೆಳೆಯ ಬೀರ್ ತರಲು ಹೋಗುತ್ತಾನೆ, ಎಷ್ಟರವರೆಗೆ ಕೊಡುತ್ತೀರಿ? ದೊಡ್ಡ ಹೋಟೆಲಿನಿಂದ ತರುತ್ತಾನೆಂದರೆ ಜನ ಹೆಚ್ಚು ಹೇಳಿದರು, ಪುಟ್ಟ ಅಂಗಡಿಯಿಂದ ಎಂದರೆ ಕಡಿಮೆ. ಬೀರ್ ಅದೇ, ಕುಡಿಯುವ ಮರಳದಂಡೆ ಅದೇ. (ಇಲ್ಲಿ ಬೀರ್ ಎಂದರೆ ಕುಡಿಯುವುದು. ‘ಬೀರು’ ಎಂಬ ಪಾಠಾಂತರವನ್ನು ಪಂಡಿತರು ಅಂಗೀಕರಿಸಬಾರದು.) ವಸ್ತುವಿನಿಂದ ಬರುವ ಸುಖ ಒಂದು, ವ್ಯಾಪಾರದಲ್ಲಿ ಗೆದ್ದ ಸುಖ ಮತ್ತೊಂದು ಎಂಬುದು ಅವರ ತೀರ್ಮಾನ. ನಮ್ಮ ಕೊಳ್ಳುವವನು ಮನೆಗೆ ಹೋಗಿ ‘ಒಂಬತ್ತು ಹೇಳ್ತಿದ್ದ, ಆರಕ್ಕೆ ಇಳಿಸಿದೆ’ ಎನ್ನಬೇಕು. ಆ ಮಾತಿಗಾಗಿಯೇ 9,000 ಬರೆದದ್ದು. ಅಂದರೆ ಮೇಲಿನ 3,000 ಕಬ್ಬಿಣದ್ದಲ್ಲ, ಬಣ್ಣದ್ದಲ್ಲ. ಕೊಳ್ಳುವವನ ಮರ್ಯಾದೆಗೆ ಮಾರುವವನು ಕಟ್ಟಿದ ಸುಂಕ, ಕೈಗೆ ಬರುವ ಮೊದಲೇ ಮನ್ನಾ ಮಾಡಿದ್ದು. ಮಾರುವವನ ಮರ್ಯಾದೆಯೂ ಅದರಲ್ಲೇ ಉಳಿಯುತ್ತದೆ: ‘ಆರಕ್ಕೆ ಕೊಟ್ಟೆ, ಪಾಪ ಬಡವ.’ ಒಂದೇ ಬೀರುವಿನಿಂದ ಇಬ್ಬರು ಗೆದ್ದು ಮನೆಗೆ ಹೋಗುವ ಈ ಏರ್ಪಾಡಿಗೆ ಇನ್ನೂ ಯಾರೂ ಬಹುಮಾನ ಘೋಷಿಸಿಲ್ಲ.

ಬೀರು ನೋಡದೆ, ಲಾಸ್ಟ್ ಕೇಳದೆ, ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಪೂರಾ ದುಡ್ಡು ಈಗಲೇ ಹಾಕುತ್ತೇನೆ ಎಂದು ಕ್ಯೂಆರ್ ಕೋಡ್ ಕಳಿಸುವವನೊಬ್ಬನಿದ್ದಾನೆ. ‘ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ’ ಎನ್ನುತ್ತಾನೆ. 2016ರಲ್ಲಿ ಶುರುವಾದ ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಬೇಕೇ ಇಲ್ಲ. ಒತ್ತಿದರೆ ಹೋಗುವುದು ನಮ್ಮದೇ. ಈ ಭಾಗದಲ್ಲಿ ಅಣಕವಿಲ್ಲ. ಮುಂದೆ ಹೋಗೋಣ.

ಕೊನೆಯ ಪ್ರಕರಣ ಅತಿ ಕ್ಲಿಷ್ಟ. ಭಾನುವಾರ ಒಬ್ಬರು ಖುದ್ದಾಗಿ ಬರುತ್ತಾರೆ. ಬಾಗಿಲನ್ನು ಎರಡು ಸಲ ತೆರೆದು ಹಾಕಿ, ಹಿಂದಿನ ತಗಡು ತಟ್ಟಿ, ‘ಆಯ್ತು ಸಾರ್, ಒಂಬತ್ತಲ್ವಾ, ತಗೊಳ್ಳಿ’ ಎಂದು ಜೇಬಿಗೆ ಕೈ ಹಾಕುತ್ತಾರೆ. ಅರ್ಥಶಾಸ್ತ್ರದ ಪ್ರಕಾರ ಗೃಹಸ್ಥ ಆನಂದಪಡಬೇಕು. ಅವನ ಮುಖ ಇಳಿಯುತ್ತದೆ. ಕೇಳಿದ್ದನ್ನು ಕೊಡುವವನು ಸಿಕ್ಕನೆಂದರೆ ಕೇಳಿದ್ದು ಕಮ್ಮಿಯಾಯಿತು ಎಂದೇ ಅರ್ಥ. ಗೆದ್ದವನು ಆಗ ಒಬ್ಬನೇ, ಅದೂ ಎದುರಿಗಿರುವವನು. ಅಷ್ಟರಲ್ಲಿ ಅಡುಗೆಮನೆಯಿಂದ ಭಾಷ್ಯ ಬರುತ್ತದೆ: ‘ನಮ್ಮಪ್ಪ ಕೊಡಿಸಿದ್ದು ಅಂತ ತಾನೇ ಅಗ್ಗಕ್ಕೆ ಹಾಕಿದ್ದು?’

‘ಕ್ಷಮಿಸಿ, ಇನ್ನೊಬ್ಬರು ಅಡ್ವಾನ್ಸ್ ಕೊಟ್ಟಿದ್ದಾರೆ’ ಎಂದು ಬಂದವರನ್ನು ಕಳಿಸಲಾಗುತ್ತದೆ. ರಾತ್ರಿ ಜಾಹೀರಾತಿನ ಪರಿಷ್ಕೃತ ಮುದ್ರಣ ಹೊರಬೀಳುತ್ತದೆ: ‘ಹಳೇ ಕಾಲದ ಗಟ್ಟಿ ಬೀರು. 12,500. ಫಿಕ್ಸೆಡ್ ರೇಟ್. ಚೌಕಾಸಿ ಮಾಡುವವರು ದಯವಿಟ್ಟು ಸಂಪರ್ಕಿಸಬೇಡಿ. ನೇರ ಬಂದವರಿಗೆ ಕಮ್ಮಿ ಮಾಡಿಕೊಡಲಾಗುವುದು.’