ಟೊಪ್ಪಿಗೆಯ ತಕರಾರು

1941ರಲ್ಲಿ ಪೇಟೆಗೆ ಬಂದ ಪಾರ್ಕರ್ 51 ಪೆನ್ನಿಗೆ 2021ರಲ್ಲಿ ಮರುಹುಟ್ಟು ಬಂತು. ಅಂದಿನಿಂದ ನಮ್ಮ ಹಾವೇರಿ ಸೀಮೆಯ ಪೆನ್ನುಪ್ರಿಯರಿಗೆ ನಿದ್ದೆಯಿಲ್ಲ.

ಹಾನಗಲ್ಲಿನ ನಿವೃತ್ತ ಮಾಸ್ತರರದು ಟೊಪ್ಪಿಗೆಯ ತಕರಾರು: “ಹಳೇದು ಎಳೆದ್ರ ಸಾಕು, ಬರತಿತ್ತು. ಹೊಸಾದನ್ನ ತಿರುವಕೋತ ಕೂಡೂದ್ರಾಗ ಬರಿಯೂ ಮಾತ ಮರತು ಹೋಗತೈತಿ!” ಶಿಗ್ಗಾಂವಿಯ ವಕೀಲರಿಗೆ ನಿಬ್ಬಿನ ಚಿಂತೆ. ಹಳೆಯದರಲ್ಲಿ 14 ಕ್ಯಾರೆಟ್ ಚಿನ್ನವಿತ್ತು. ಹೊಸದರ ಅಗ್ಗದ ಮಾದರಿಗೆ ಉಕ್ಕೇ ಗತಿ, ಚಿನ್ನ ಬೇಕೆಂದರೆ ದುಬಾರಿ ಡಿಲಕ್ಸ್. ಸವಣೂರಿನವರೊಬ್ಬರು ಊರಿನ ವೀಳ್ಯದೆಲೆ ಮೆಲ್ಲುತ್ತಲೇ ತೀರ್ಪು ಕೊಟ್ಟರು: “ಹಳೇದ್ರ ಹೊಟ್ಟ್ಯಾಗ ಚೀಲ ಇತ್ರಿ, ಹಿಚುಕಿದ್ರ ಇಂಕ್ ಕುಡಿತಿತ್ತು. ಇದಕ್ಕ ಕಾರ್ಟ್ರಿಜ್ ಅಂತ, ಬಾಟಲಿ ಹಾಲಿನ ಕೂಸು!” ಹಿರೇಕೆರೂರಿನ ಅಂಗಡಿಕಾರರೊಬ್ಬರೇ ಹೊಸದರ ಪರ: “ತಿರುವೂ ಟೊಪ್ಪಿಗಿ ಕಿಸೇದಾಗ ಬಿಚ್ಚಂಗಿಲ್ಲ. ಅಂಗಿ ಉಳಿತೈತಿ, ಮನ್ಯಾಗ ಬೈಗಳನೂ ತಪ್ಪತೈತಿ.”

ಮಜಾ ಎಂದರೆ, ನಾಲ್ವರೂ ಈ ವಾದವನ್ನೆಲ್ಲ ಮೊಬೈಲಿನಲ್ಲಿ ಹೆಬ್ಬೆರಳಿನಿಂದಲೇ ಬರೆಯುತ್ತಾರೆ. ಪೆನ್ನುಗಳು ಕಪಾಟಿನಲ್ಲಿ ಒಣಗುತ್ತಿವೆ.

ಅದಕ್ಕೇ ಓದುಗರಲ್ಲಿ ಒಂದು ಮಾತು: ಹಳೆಯದಿರಲಿ, ಹೊಸದಿರಲಿ, ಇಂಕು ತುಂಬಿ ನಾಲ್ಕು ಸಾಲು ಬರೆಯಿರಿ. ಬರೆಯದ ಪೆನ್ನಿನಲ್ಲಿ ಚಿನ್ನವೂ ಉಕ್ಕೂ ಒಂದೇ.